ಫ್ಯಾಕ್ಟರ್ ಬಾಟಲಿಯ ಸ್ಟಿಕ್ಕರ್ ಎಸೆಯಬೇಡಿ

ಜಿಲ್ಲಾ ಆಸ್ಪತ್ರೆಯಲ್ಲಿ ಹಿಮೋಫಿಲಿಯಾ, ಅಂದರೆ ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ ಇರುವ ಮಕ್ಕಳಿಗೆ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಔಷಧ) ಕೊಡುವ ನರ್ಸ್ ನಾನು. ಹೊಸದಾಗಿ ಬರುವ ತಾಯಂದಿರು ಕೇಳಿಯೇ ಕೇಳುತ್ತಾರೆ: "ಸಿಸ್ಟರ್, ಇದು ಬೇರೆಯವರ ರಕ್ತದಿಂದ ಮಾಡಿದ್ದಂತಲ್ಲ, ಮಗೂಗೆ ಏಡ್ಸ್ ಗೀಡ್ಸ್ ಬರಲ್ವಾ?"

ಸುಮ್ನೆ "ಬರಲ್ಲ ಹೋಗಮ್ಮ" ಅಂದು ಕಳಿಸಲು ಮನಸ್ಸಾಗುವುದಿಲ್ಲ. ಆ ಭಯಕ್ಕೆ ಕಾರಣವಿದೆ. 1980ರ ಆಸುಪಾಸಿನಲ್ಲಿ ಅಮೆರಿಕ, ಯುರೋಪಿನ ಸಾವಿರಾರು ರೋಗಿಗಳಿಗೆ ಫ್ಯಾಕ್ಟರ್‌ನಿಂದಲೇ ಎಚ್‌ಐವಿ, ಹೆಪಟೈಟಿಸ್ ಸಿ ಅಂಟಿತ್ತು. ಸಾವಿರಾರು ಜನರ ಪ್ಲಾಸ್ಮಾ (ರಕ್ತದ ತಿಳಿ ದ್ರವ) ಒಟ್ಟು ಸೇರಿಸಿ ಮಾಡುತ್ತಿದ್ದರಲ್ಲ, ಒಬ್ಬರಲ್ಲಿ ವೈರಸ್ ಇದ್ದರೂ ಸಾಕಿತ್ತು. 1985ರ ಹೊತ್ತಿಗೆ ಬಿಸಿ ಮಾಡುವ ವಿಧಾನ, ಜೊತೆಗೇ ಸಾಲ್ವೆಂಟ್-ಡಿಟರ್ಜೆಂಟ್ ವಿಧಾನ ಬಂದವು. ಈ ವೈರಸ್‌ಗಳ ಮೇಲಿರುವ ಕೊಬ್ಬಿನ ಹೊದಿಕೆ ಡಿಟರ್ಜೆಂಟ್‌ಗೆ ಕರಗುತ್ತದೆ, ಎಣ್ಣೆ ಪಾತ್ರೆಗೆ ಸೋಪು ಹಾಕಿದ ಹಾಗೆ. ಹೊದಿಕೆಯೇ ಇಲ್ಲದ ಹೆಪಟೈಟಿಸ್ ಎ, ಪಾರ್ವೊ ಬಿ19 ಎಂಬ ವೈರಸ್‌ಗಳು ಮಾತ್ರ ಇದಕ್ಕೆ ಜಗ್ಗುವುದಿಲ್ಲ.

ನನಗೆ ಚಿಂತೆ ಜಾಸ್ತಿ ಇರುವುದು ಬಾಟಲಿಯದ್ದಲ್ಲ, ಕ್ರಯೋದ್ದು, ಅಂದರೆ ದಾನಿಯ ಪ್ಲಾಸ್ಮಾದಿಂದ ಬ್ಲಡ್ ಬ್ಯಾಂಕಿನಲ್ಲೇ ತೆಗೆದ, ಫ್ಯಾಕ್ಟರ್ ಇರುವ ಚೀಲದ್ದು. ಬಾಟಲಿಯಲ್ಲಿ ಬರುವ ಫ್ಯಾಕ್ಟರ್ 8 (ಫ್ಯಾಕ್ಟರ್‌ನ ಒಂದು ಬಗೆ) ಸ್ಟಾಕ್ ಮುಗಿದರೆ ಬ್ಲಡ್ ಬ್ಯಾಂಕಿನಿಂದ ಅದನ್ನೇ ತರಿಸಬೇಕು. ಅದರಲ್ಲಿ ಸಾಮಾನ್ಯವಾಗಿ ವೈರಸ್ ಕೊಲ್ಲುವ ಹಂತವೇ ಇರುವುದಿಲ್ಲ, ದಾನಿಯ ರಕ್ತಪರೀಕ್ಷೆಯೊಂದೇ ಕಾವಲು. ಸೋಂಕು ತಗುಲಿದ ಹೊಸತರಲ್ಲಿ ಆ ಪರೀಕ್ಷೆಗೂ ಅದು ಸಿಗದೇ ಹೋಗಬಹುದು. ಒಂದು ಚೀಲದಲ್ಲಿರುವುದು ಸುಮಾರು 80 ಯೂನಿಟ್ ಫ್ಯಾಕ್ಟರ್. ದೊಡ್ಡವರ ಮಂಡಿಯೊಳಗೆ ರಕ್ತ ಸೋರಿ ಊದಿದರೆ ಹತ್ತು ಹದಿನೈದು ಚೀಲ ಬೇಕು, ಅಂದರೆ ಅಷ್ಟು ಜನ ದಾನಿಗಳು. ನಮ್ಮ ದೇಶದಲ್ಲಿ 2001ಕ್ಕೆ ಮೊದಲು ದಾನಿಗಳಿಗೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವೇ ಇರಲಿಲ್ಲ. ಆ ಕಾಲದಲ್ಲಿ ಕ್ರಯೋ, ಪ್ಲಾಸ್ಮಾ ಪಡೆದವರು ಬಂದರೆ ಮೊದಲು ಸಿ ಪರೀಕ್ಷೆಗೆ ಕಳಿಸುತ್ತೇನೆ. ಇದ್ದರೂ ಈಗ ಹೆಚ್ಚಿನವರಿಗೆ ಸುಮಾರು ಮೂರು ತಿಂಗಳ ಮಾತ್ರೆಯಲ್ಲೇ ವಾಸಿಯಾಗುತ್ತದೆ.

ಆಮೇಲೆ ಲಸಿಕೆ. ಹೆಪಟೈಟಿಸ್ ಬಿ, ಎ ಎರಡೂ ಆಗಿದೆಯಾ ಅಂತ ಕಾರ್ಡ್ ನೋಡುತ್ತೇನೆ. ಸ್ನಾಯುವಿಗೆ ಚುಚ್ಚಿದರೆ ಒಳಗೇ ರಕ್ತ ಕಟ್ಟುವ ಭಯ. ಹಾಗಾಗಿ ವೈದ್ಯರು ಬರೆದಂತೆ ಸಣ್ಣ ಸೂಜಿಯಲ್ಲಿ ಚರ್ಮದ ಕೆಳಗೇ ಕೊಟ್ಟು, ಐದು ನಿಮಿಷವಾದರೂ ಒತ್ತಿ ಹಿಡಿಯುತ್ತೇನೆ. ಉಜ್ಜಬಾರದು.

ಪ್ರತಿಯೊಬ್ಬರಿಗೂ ಒಂದು ಇನ್ನೂರು ಪುಟದ ನೋಟ್‌ಬುಕ್ ಮಾಡಿಸಿದ್ದೇನೆ. ಬಾಟಲಿಯಿಂದ ಕಿತ್ತು ಬರುವ ಸ್ಟಿಕ್ಕರನ್ನು ಅದರಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಖು, ಯಾವ ಕೀಲು, ಎಷ್ಟು ಯೂನಿಟ್ ಅಂತ ಬರೆಯುತ್ತೇವೆ. ಸ್ಟಿಕ್ಕರ್ ಕಿತ್ತು ಬಾರದಿದ್ದರೆ ಬ್ಯಾಚ್ ನಂಬರ್ ಕೈಯಲ್ಲಿ ಬರೆದರಾಯಿತು. ಕ್ರಯೋ ಆದರೆ ಒಂದೊಂದು ಚೀಲದ ನಂಬರೂ ಬೇಕು. ಬೇಜಾರಿನ ಕೆಲಸವೇ. ಆದರೆ ಯಾವುದೋ ಬ್ಯಾಚ್ ವಾಪಸ್ ಕೇಳಿದರೆ, ಅದು ಯಾರ ಮೈಗೆ ಹೋಗಿದೆ ಅಂತ ಹೇಳಲು ಬೇರೆ ದಾರಿ ಇಲ್ಲ, ಅಲ್ವಾ? ಮದುವೆ, ಜಾತ್ರೆ ಅಂತ ಬೇರೆ ಊರಿಗೆ ಹೊರಟವರಿಗೂ ಪುಸ್ತಕ ಕೊಟ್ಟೇ ಕಳಿಸುತ್ತೇನೆ. ಅಲ್ಲಿ ಕೊಟ್ಟಿದ್ದರ ನಂಬರನ್ನೂ ಕೇಳಿ ಬರೆಸಿಕೊಳ್ಳಿ. ಅಲ್ಲಿನ ಸಿಸ್ಟರ್ ಗೊಣಗಿದರೆ ಗೊಣಗಲಿ.