ಮೈನಸ್ 10ರಲ್ಲಿ ಡೀಸೆಲ್ ಹೀಟರ್: ವ್ಯಾನಿಗೊಂದು, ವರ್ಕ್‌ಶಾಪಿಗೊಂದು

ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ, ಶ್ವೇಬಿಷೆ ಆಲ್ಬ್ ಬೆಟ್ಟಸಾಲಿನ ಬದಿಯಲ್ಲಿ, ಜನವರಿಯ ರಾತ್ರಿ ಮೈನಸ್ 10 ಡಿಗ್ರಿಗೆ ಇಳಿಯುವುದು ಹೊಸದೇನಲ್ಲ. ಇಲ್ಲಿ ಎರಡು ಡೀಸೆಲ್ ಹೀಟರ್ ಕೂರಿಸಿ ಓಡಿಸುತ್ತಿದ್ದೇನೆ. ಒಂದು ಫಿಯಟ್ ಡುಕಾಟೊ ವ್ಯಾನಿನಲ್ಲಿ, 2 ಕಿಲೋವ್ಯಾಟಿನದು. ಇನ್ನೊಂದು 6×4 ಮೀಟರ್ ಅಳತೆಯ ಮರಗೆಲಸದ ವರ್ಕ್‌ಶಾಪಿಗೆ, ಡಬ್ಬಿಯ ಮೇಲೆ 5 ಕಿಲೋವ್ಯಾಟ್ ಎಂದು ಬರೆದಿರುವ ಅಗ್ಗದ ಕಿಟ್ಟು. ಎರಡನ್ನೂ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಈ ಹೀಟರುಗಳನ್ನು ಕೊಲ್ಲುವುದು ಸಣ್ಣ ಉರಿ. ದೊಡ್ಡದನ್ನು ತಂದು ಸಣ್ಣಗೆ ಉರಿಸಿದರೆ ಮಸಿ ಕಟ್ಟಿ ನಿಲ್ಲುತ್ತದೆ. ಸಾಲುವಷ್ಟೇ ದೊಡ್ಡದನ್ನು ತಂದು ಜೋರಾಗಿ ಉರಿಸಿದರೆ ವರ್ಷಗಟ್ಟಲೆ ಬಾಳುತ್ತದೆ.

ಇದರೊಳಗೆ ಗಾಳಿಗೆ ಎರಡು ದಾರಿ. ಉರಿಗೆ ಬೇಕಾದ ಗಾಳಿ ಹೊರಗಿನಿಂದ ಬಂದು, ಡೀಸೆಲ್ ಜೊತೆ ಉರಿದು, ಹೊಗೆಯಾಗಿ ಹೊರಗೇ ಹೋಗುತ್ತದೆ. ನಾವು ಉಸಿರಾಡುವ ಗಾಳಿ ಉರಿಯ ಕೋಣೆಯನ್ನು ಸುತ್ತಿದ ಅಲ್ಯೂಮಿನಿಯಂ ಕವಚದ ಹೊರಮೈ ಸವರಿಕೊಂಡು ಬಿಸಿಯಾಗಿ ಬರುತ್ತದೆ. ಇವೆರಡೂ ಎಲ್ಲೂ ಬೆರೆಯಬಾರದು. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ನಾನು ಬಳಸದಿರುವುದಕ್ಕೆ ಇದೇ ಕಾರಣ. 1 ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋದಷ್ಟು ನೀರು ಆವಿಯಾಗಿ ಒಳಗೇ ಉಳಿಯುತ್ತದೆ. ವ್ಯಾನಿನಲ್ಲಿ ಅದು ತಗಡಿನ ಒಳಮೈಗೆ ಹನಿಯಾಗಿ ಕೂರುತ್ತದೆ. ವರ್ಕ್‌ಶಾಪಿನಲ್ಲಿ ಉಳಿ, ಗರಗಸದ ಎರಕದ ಮೇಜು ಎಲ್ಲಕ್ಕೂ ತುಕ್ಕು ಹಿಡಿಸುತ್ತದೆ. ಜೊತೆಗೆ ಬ್ಯುಟೇನ್ ಮೈನಸ್ 0.5 ಡಿಗ್ರಿಯ ಕೆಳಗೆ ಆವಿಯಾಗುವುದೇ ಇಲ್ಲ. ಸಿಲಿಂಡರಿನಲ್ಲಿ ಗ್ಯಾಸ್ ಇದ್ದೂ ಒಲೆ ಹತ್ತುವುದಿಲ್ಲ.

ಎಷ್ಟು ದೊಡ್ಡದು ಬೇಕು ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ನನ್ನ ವ್ಯಾನಿನ ಗೋಡೆ, ನೆಲ, ಸೂರು ಸೇರಿ ಸುಮಾರು 30 ಚದರ ಮೀಟರ್. ತಗಡಿಗೆ 20 ಮಿಲಿಮೀಟರ್ ದಪ್ಪದ ರಬ್ಬರ್ ಫೋಮ್ ಅಂಟಿಸಿದೆ. ಹಾಗೆ ಮಾಡಿದರೆ ಪ್ರತಿ ಚದರ ಮೀಟರಿನಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.35 ವ್ಯಾಟ್ ಸೋರುತ್ತದೆ. ಹೊರಗೆ ಮೈನಸ್ 10, ಒಳಗೆ 20 ಇದ್ದರೆ ವ್ಯತ್ಯಾಸ 30 ಡಿಗ್ರಿ. ಗುಣಿಸಿದರೆ 1,200 ವ್ಯಾಟ್ ಚಿಲ್ಲರೆ. ಮುಂದಿನ ಗಾಜುಗಳು 2 ಚದರ ಮೀಟರ್ ಎಂದು ಹಿಡಿದರೆ ಅವುಗಳಿಂದಲೇ ಇನ್ನೊಂದು 340 ವ್ಯಾಟ್. ಸೂರಿನ ಕಿಂಡಿಯಲ್ಲಿ ಹೋಗುವ ಗಾಳಿಯನ್ನೂ ಸೇರಿಸಿದರೆ 1.7, 1.8 ಕಿಲೋವ್ಯಾಟಿಗೆ ನಿಲ್ಲುತ್ತದೆ. ಅಂದರೆ 2 ಕಿಲೋವ್ಯಾಟಿನ ಹೀಟರ್ ಅತಿ ಚಳಿಯ ರಾತ್ರಿಯಲ್ಲೂ ಸಾಲುತ್ತದೆ, ಮತ್ತು ಹೆಚ್ಚು ಹೊತ್ತು ಮೇಲಿನ ಉರಿಯಲ್ಲೇ ಇರುತ್ತದೆ. ಅದೇ ಜಾಗದಲ್ಲಿ 5 ಕಿಲೋವ್ಯಾಟಿನದು ಮೂರನೇ ಒಂದು ಭಾಗದ ಉರಿಯಲ್ಲಿ ಕುಂಟುತ್ತಿರುತ್ತದೆ. ಗಾಜಿಗೆ ಒಳಗಿನಿಂದ ದಪ್ಪ ಮುಚ್ಚಿಗೆ ಹಾಕಿದರೆ ಖರ್ಚು ಕಾಣುವಷ್ಟು ಇಳಿಯುತ್ತದೆ. ಫೋಮಿನ ದಪ್ಪ ಹೆಚ್ಚಿಸುವ ಮುಂಚೆ ಇದನ್ನು ಮಾಡಿ.

ವ್ಯಾನಿಗೆ ಇ-ಮಾರ್ಕ್, ಅಂದರೆ ವಾಹನದಲ್ಲಿ ಬಳಸಲು ಒಪ್ಪಿಗೆ ಸಿಕ್ಕಿದೆ ಎಂಬ ಗುರುತು, ಇರುವ ಹೀಟರನ್ನೇ ಕೊಂಡೆ. ಯುರೋಪಿನಲ್ಲಿ ವಾಹನದ ಹೀಟರುಗಳು ಇಸಿಇ ಆರ್ 122 ನಿಯಮಕ್ಕೆ ಒಳಪಡುತ್ತವೆ, ಅಗ್ಗದ ಕಿಟ್ಟುಗಳಲ್ಲಿ ಹಲವಕ್ಕೆ ಆ ಗುರುತಿಲ್ಲ. ಪಕ್ಕದ ಸೀಟಿನ ಕೆಳಗೆ ಕೂರಿಸಿದೆ. ಹೊಗೆ, ಗಾಳಿ, ಡೀಸೆಲ್ ಮೂರರ ಮೂತಿಗಳೂ ನೆಲದ ತಗಡಿನ ಮೂಲಕ ನೇರ ಕೆಳಗೆ ಹೋಗಬೇಕು. ತಗಡು ಸಪಾಟಾಗಿರದಿದ್ದರೆ ಗ್ಯಾಸ್ಕೆಟ್ ಕೂರುವುದಿಲ್ಲ. ಡುಕಾಟೊ ನೆಲದಲ್ಲಿ ಏರುತಗ್ಗಿನ ಗೆರೆಗಳಿವೆ, ಹಾಗಾಗಿ 3 ಮಿಲಿಮೀಟರ್ ಉಕ್ಕಿನ ಫಲಕ ಹಾಕಿ, ಅದರ ಮೇಲೆ ಹೀಟರ್ ಬಿಗಿದೆ. ಕೊರೆದ ಅಂಚಿಗೆಲ್ಲ ತುಕ್ಕು ತಡೆಯುವ ಬಣ್ಣ ಬಳಿಯಬೇಕು. ಚಳಿಗಾಲದ ರಸ್ತೆಯ ಉಪ್ಪು ಒಂದೇ ಋತುವಿನಲ್ಲಿ ಅಂಚು ತಿನ್ನುತ್ತದೆ.

ಹೊಗೆ ಕೊಳವೆ 24 ಮಿಲಿಮೀಟರಿನ ಸ್ಟೇನ್‌ಲೆಸ್ ಉಕ್ಕಿನದು. 200 ಡಿಗ್ರಿಗೂ ಮೇಲೆ ಕಾಯುತ್ತದೆ, ಆದ್ದರಿಂದ ವೈರು, ಬ್ರೇಕ್ ಪೈಪು, ಡೀಸೆಲ್ ಪೈಪುಗಳಿಂದ ದೂರ ಕಟ್ಟಬೇಕು. ಹೀಟರಿನಿಂದ ತುದಿಯವರೆಗೆ ಇಳಿಜಾರಾಗಿಯೇ ಹೋಗಲಿ. ಎಲ್ಲಾದರೂ ಗುಂಡಿಯಂತೆ ತಗ್ಗಿದರೆ ಅಲ್ಲಿ ಹೊಗೆಯ ನೀರು ನಿಂತು, ರಾತ್ರಿ ಮಂಜುಗಡ್ಡೆಯಾಗಿ ಕೊಳವೆಯೇ ಮುಚ್ಚುತ್ತದೆ. ತಗ್ಗು ತಪ್ಪಿಸಲಾಗದಿದ್ದರೆ ಆ ಜಾಗದಲ್ಲಿ 4–5 ಮಿಲಿಮೀಟರ್ ತೂತು ಕೊರೆಯಿರಿ. ಸೈಲೆನ್ಸರ್ ವಾಹನದ ಹೊರಗೇ ಇರಬೇಕು, ಏಕೆಂದರೆ ಅದರ ಕೀಲುಗಳಲ್ಲಿ ಹೊಗೆ ಸೋರುತ್ತದೆ. ಗಾಳಿ ಎಳೆಯುವ ಪೈಪಿನ ಬಾಯಿಗೂ ಹೊಗೆ ಕೊಳವೆಯ ಬಾಯಿಗೂ ಅರ್ಧ ಮೀಟರ್ ಅಂತರ ಕೊಟ್ಟಿದ್ದೇನೆ. ತನ್ನ ಹೊಗೆಯನ್ನೇ ಎಳೆದುಕೊಂಡರೆ ಆಮ್ಲಜನಕ ಸಾಲದೆ ಮತ್ತೆ ಮಸಿ.

ಇಷ್ಟೆಲ್ಲ ಮಾಡಿದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಮಲಗಬೇಡಿ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ವಾಹನಕ್ಕೆ ಬೇಕಾದದ್ದು ಇಎನ್ 50291-2 ಗುರುತಿನದು, ಅದು ಅಲುಗಾಟ ತಡೆಯುವಂತೆ ಪರೀಕ್ಷೆಯಾಗಿರುತ್ತದೆ. ತಲೆ ಇಡುವ ಕಡೆ, ಉಸಿರಿನ ಎತ್ತರಕ್ಕೆ ಹಾಕಿ.

ಇನ್ನು ಡೀಸೆಲ್ ಪೈಪು. ನೂರಕ್ಕೆ ಎಂಬತ್ತು ತೊಂದರೆ ಇಲ್ಲೇ ಹುಟ್ಟುತ್ತದೆ ಎಂದರೂ ತಪ್ಪಿಲ್ಲ. ಟಕ್ ಟಕ್ ಎನ್ನುವ ಆ ಪುಟ್ಟ ಪಂಪು ಒಂದೊಂದು ಹೊಡೆತಕ್ಕೆ ಹನಿಗಿಂತ ಕಡಿಮೆ ಡೀಸೆಲ್ ತಳ್ಳುತ್ತದೆ. ಪೈಪು ಮೆತ್ತಗಿದ್ದರೆ ಆ ಹೊಡೆತವನ್ನು ಪೈಪೇ ಉಬ್ಬಿ ನುಂಗುತ್ತದೆ. ಒಳವ್ಯಾಸ ದೊಡ್ಡದಿದ್ದರೆ ಗಾಳಿಯ ಗುಳ್ಳೆಗಳು ಒಟ್ಟುಗೂಡಿ ಉದ್ದನೆಯ ಖಾಲಿ ತುಂಡಾಗುತ್ತವೆ, ಅದು ಉರಿಗೆ ತಲುಪಿದಾಗ ಜ್ವಾಲೆ ಆರುತ್ತದೆ. ಕಿಟ್ಟಿನ ಜೊತೆ ಬರುವ ಹಸಿರು ಮೆತ್ತನೆ ಪೈಪಿಗೆ ಈ ಎರಡು ದೋಷವೂ ಇದೆ. ನಾನು 2 ಮಿಲಿಮೀಟರ್ ಒಳವ್ಯಾಸದ ಗಟ್ಟಿ ನೈಲಾನ್ ಪೈಪು ಹಾಕಿದ್ದೇನೆ. ಪೈಪಿನ ತುದಿಯನ್ನು ಬ್ಲೇಡಿನಿಂದ ನೇರ ಕತ್ತರಿಸಿ, ರಬ್ಬರ್ ತೋಳಿನೊಳಗೆ ಎರಡು ತುದಿಗಳೂ ಒಂದಕ್ಕೊಂದು ತಾಗುವವರೆಗೆ ತಳ್ಳಿ, ಆಮೇಲೆ ಕ್ಲಿಪ್ಪು ಬಿಗಿಯಬೇಕು. ನಡುವೆ ಅರ್ಧ ಸೆಂಟಿಮೀಟರ್ ಸಂದು ಉಳಿದರೂ ಅಲ್ಲಿ ಗುಳ್ಳೆ ಮನೆ ಮಾಡುತ್ತದೆ. ಅರೆಪಾರದರ್ಶಕ ಪೈಪಾದ್ದರಿಂದ ಟಾರ್ಚ್ ಹಿಡಿದರೆ ಇದೆಲ್ಲ ಕಾಣುತ್ತದೆ: ಪ್ರತಿ ಟಕ್‌ಗೆ ಡೀಸೆಲ್ ಕೆಲವು ಮಿಲಿಮೀಟರ್ ಮುಂದೆ ಜರುಗಿ ನಿಲ್ಲಬೇಕು. ಮುಂದೆ ಹೋಗಿ ಹಿಂದಕ್ಕೆ ಜಗ್ಗಿದರೆ ಪಂಪಿನ ಕವಾಟ ಸೋರುತ್ತಿದೆ, ಇಲ್ಲವೇ ಎಲ್ಲೋ ಗಾಳಿ ಸೇರುತ್ತಿದೆ.

ಪಂಪನ್ನು ಅಡ್ಡಕ್ಕೆ ಮಲಗಿಸಬಾರದು. ಹೊರಬಾಯಿ ಮೇಲಕ್ಕಿರುವಂತೆ ಕನಿಷ್ಠ 15 ಡಿಗ್ರಿ ಓರೆ ಕೊಡಿ, ಆಗ ಗುಳ್ಳೆ ತಾನಾಗಿ ಮುಂದೆ ಸಾಗುತ್ತದೆ. ಹೀಟರಿಗಿಂತ ಟ್ಯಾಂಕಿಗೆ ಹತ್ತಿರವೇ ಇರಲಿ. ಎಳೆಯುವುದಕ್ಕಿಂತ ತಳ್ಳುವುದರಲ್ಲಿ ಅದು ಗಟ್ಟಿ. ಟ್ಯಾಂಕಿನೊಳಗಿನ ಎಳೆಯುವ ನಳಿಕೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ತಳದಿಂದ 4–5 ಸೆಂಟಿಮೀಟರ್ ಮೇಲೆ ನಿಲ್ಲಿಸಿದ್ದೇನೆ. ತಳದ ಕೊಳೆ, ನೀರು ಬರುವುದಿಲ್ಲ, ಹೀಟರ್ ಎಷ್ಟೇ ಕುಡಿದರೂ ಎಂಜಿನ್ನಿಗೆ ಡೀಸೆಲ್ ಉಳಿದಿರುತ್ತದೆ.

ಡಬ್ಬಿಯ ಮೇಲಿನ ಕಿಲೋವ್ಯಾಟ್ ನಿಜವೇ ಎಂಬುದನ್ನೂ ಪಂಪಿನಿಂದಲೇ ತಿಳಿಯಬಹುದು. ಹೀಟರ್ ಕಡೆಯ ಪೈಪು ಕಳಚಿ, ಪಂಪಿನ 100 ಹೊಡೆತದ ಡೀಸೆಲನ್ನು ಸಿರಿಂಜಿನಲ್ಲಿ ಹಿಡಿದು ಅಳೆಯಿರಿ. ವರ್ಕ್‌ಶಾಪಿನ ಕಿಟ್ಟಿನಲ್ಲಿ ನನಗೆ ಸಿಕ್ಕಿದ್ದು 2.2 ಮಿಲಿಲೀಟರ್. ಸೆಕೆಂಡಿಗೆ 5 ಹೊಡೆತದ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 400 ಮಿಲಿಲೀಟರ್ ಆಯಿತು. 1 ಲೀಟರ್ ಡೀಸೆಲಿನಲ್ಲಿ ಹೆಚ್ಚುಕಡಿಮೆ 10 ಕಿಲೋವ್ಯಾಟ್-ಗಂಟೆ ಶಕ್ತಿ. ಹೊಗೆಯಲ್ಲಿ ಹೋಗುವುದನ್ನು ಕಳೆದರೆ ಕೋಣೆಗೆ ಬರುವುದು 3.2 ಕಿಲೋವ್ಯಾಟಿನ ಆಸುಪಾಸು. ಅದನ್ನೇ ನಂಬಿ ಲೆಕ್ಕ ಹಾಕಿ.

ಕರೆಂಟಿನ ವಿಷಯ ಚಿಕ್ಕದು, ಆದರೆ ಹೀಟರ್ ಹತ್ತದೇ ಇರುವುದಕ್ಕೆ ಎರಡನೇ ದೊಡ್ಡ ಕಾರಣ. ಓಡುವಾಗ 15–30 ವ್ಯಾಟ್ ಸಾಕು. ಹೊತ್ತಿಸುವಾಗ ಮಾತ್ರ ಗ್ಲೋ ಪ್ಲಗ್ (ಕೆಂಪಗೆ ಕಾದು ಡೀಸೆಲ್ ಹೊತ್ತಿಸುವ ಪುಟ್ಟ ಕಡ್ಡಿ) ಒಂದೆರಡು ನಿಮಿಷ 10 ಆಂಪಿಯರ್‌ನಷ್ಟು ಎಳೆಯುತ್ತದೆ. ಬ್ಯಾಟರಿ 4 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ತಂತಿ 8 ಮೀಟರ್, 1.5 ಚದರ ಮಿಲಿಮೀಟರ್ ವೈರಿನಲ್ಲಿ 0.9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಚಳಿಗೆ ಸೊರಗಿದ ಬ್ಯಾಟರಿ 11.8 ಕೊಡುತ್ತಿದ್ದರೆ ಪ್ಲಗ್ಗಿಗೆ ಸಿಗುವುದು 10.9, ಅಷ್ಟರಲ್ಲಿ ಡೀಸೆಲ್ ಆವಿಯಾಗುವಷ್ಟು ಅದು ಕೆಂಪಗಾಗುವುದಿಲ್ಲ. 6 ಚದರ ಮಿಲಿಮೀಟರ್ ವೈರು ಹಾಕಿದರೆ ನಷ್ಟ ಕಾಲು ವೋಲ್ಟಿಗೆ ಇಳಿಯುತ್ತದೆ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ. ನಿಲ್ಲಿಸುವಾಗ ಸ್ವಿಚ್ಚಿನಿಂದಲೇ ನಿಲ್ಲಿಸಿ, ಫ್ಯಾನು ತಣ್ಣಗಾಗಿಸಿ ತಾನೇ ನಿಲ್ಲುವವರೆಗೆ ಕರೆಂಟು ಕೀಳಬೇಡಿ. ಕಿತ್ತರೆ ಒಳಗಿನ ಕಾವಿಗೆ ಪ್ಲಾಸ್ಟಿಕ್ ಫ್ಯಾನು ಸೊಟ್ಟಗಾಗುತ್ತದೆ. ಪೆಟ್ರೋಲ್ ಬಂಕಿಗೆ ನುಗ್ಗುವ ಮುಂಚೆಯೇ ಹೀಟರ್ ಪೂರ್ತಿ ಆರಿರಬೇಕು.

ಮಸಿಯ ಮಾತಿಗೆ ಬರೋಣ. ಹಸಿ ಸೌದೆ ತುರುಕಿದ ಬಚ್ಚಲ ಒಲೆಯನ್ನು ನೋಡಿದವರಿಗೆ ಇದು ಹೊಸದಲ್ಲ: ಉರಿಗಿಂತ ಹೊಗೆ ಹೆಚ್ಚು, ಹಂಡೆಯ ತಳಕ್ಕೆ ಕಪ್ಪು. ಸಣ್ಣ ಉರಿಯಲ್ಲಿ ಹೀಟರಿನ ಉರಿಯ ಕೋಣೆ ಸಾಕಷ್ಟು ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಮೊದಲು ಮುಚ್ಚುವುದು ಗ್ಲೋ ಪ್ಲಗ್ ಸುತ್ತ ಇರುವ ಬೆರಳುದ್ದದ ಜಾಲರಿ. ಹೊರತೆಗೆದರೆ ಅದರ ಕಣ್ಣುಗಳೆಲ್ಲ ಕಪ್ಪು ಮೇಣದಂತೆ ಕಟ್ಟಿರುತ್ತವೆ. ಪಂಪ್ ಸ್ಟವ್ವಿಗೆ ಪಿನ್ನು ಹಾಕುವ ಹಾಗೆ ಇದನ್ನು ಚುಚ್ಚಿ ಬಿಡಿಸಲು ಹೋಗಬೇಡಿ, ತಂತಿ ಹರಿಯುತ್ತದೆ. ಜಾಲರಿ ಅಗ್ಗ, ಹೊಸದು ಹಾಕಿ. ಒಂದನ್ನು ಯಾವಾಗಲೂ ವ್ಯಾನಿನಲ್ಲಿಟ್ಟಿರಿ. ನಾನು ಪ್ರತಿ ಸಲ ಹೊತ್ತಿಸಿದ ಮೇಲೆ 20 ನಿಮಿಷ, ನಿಲ್ಲಿಸುವ ಮುಂಚೆ 20 ನಿಮಿಷ ಪೂರ್ತಿ ಉರಿಯಲ್ಲಿ ಬಿಡುತ್ತೇನೆ, ಒಳಗೆ ಸೆಕೆಯಾದರೆ ಬಾಗಿಲು ತೆರೆದುಕೊಂಡಾದರೂ. ಋತುವಿಗೊಮ್ಮೆ ಬೇರೆ ಡಬ್ಬಿಯಿಂದ 1 ಲೀಟರ್ ಸೀಮೆಎಣ್ಣೆ ಕುಡಿಸಿ ಜೋರಾಗಿ ಉರಿಸುತ್ತೇನೆ.

ಹೊಗೆಯ ಬಣ್ಣ ನೋಡಿದರೆ ರೋಗ ತಿಳಿಯುತ್ತದೆ. ಹೊತ್ತುವಾಗ ಒಂದು ನಿಮಿಷ ಬಿಳಿ ಹೊಗೆ ಬಂದರೆ ಸರಿ, ಅದು ಉರಿಯದ ಡೀಸೆಲ್ ಆವಿ. ಬಿಡದೆ ಬರುತ್ತಿದ್ದರೆ ಪ್ಲಗ್ ಕಾಯುತ್ತಿಲ್ಲ. ಓಡುವಾಗ ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಇಲ್ಲವೇ ಗಾಳಿ ಕಡಿಮೆ. ಮೂರು ಸಲ ಹತ್ತದಿದ್ದರೆ ನಾಲ್ಕನೆಯದಕ್ಕೆ ಕೈ ಹಾಕಬೇಡಿ. ಒಳಗೆ ನಿಂತ ಡೀಸೆಲ್ ಒಮ್ಮೆಲೇ ಹೊತ್ತಿಕೊಂಡರೆ ಹೊಗೆ ಕೊಳವೆಯಲ್ಲಿ ಜ್ವಾಲೆ ಬರುತ್ತದೆ.

ಡೀಸೆಲ್ ಕೂಡ ಚಳಿಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಗ್ಗೆ ಸೀಸೆಯಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗಾಗುವ ಹಾಗೆ. ಅದರೊಳಗಿನ ಮೇಣ ಹರಳಾಗಿ ಫಿಲ್ಟರ್ ಕಟ್ಟುತ್ತದೆ. ಜರ್ಮನಿಯಲ್ಲಿ ನವೆಂಬರ್ 16ರಿಂದ ಫೆಬ್ರವರಿ ಕೊನೆಯವರೆಗೆ ಬಂಕುಗಳು ಮೈನಸ್ 20ರವರೆಗೂ ಫಿಲ್ಟರಿನಲ್ಲಿ ಹರಿಯುವ ಚಳಿಗಾಲದ ಡೀಸೆಲ್ ಮಾರಬೇಕು. ಹೀಟರಿಗೆಂದೇ ಬೇರೆ ಟ್ಯಾಂಕು ಇಟ್ಟವರು ಸೆಪ್ಟೆಂಬರಿನಲ್ಲಿ ತುಂಬಿಸಿಟ್ಟರೆ ಅದು ಬೇಸಿಗೆಯ ಡೀಸೆಲ್, ಜನವರಿಯಲ್ಲಿ ಕೈಕೊಡುತ್ತದೆ. ಖಾಲಿ ಮಾಡಿ ಹೊಸದು ತುಂಬಿಸಿ. ಲಡಾಖಿಗೆ ಚಳಿಗಾಲದಲ್ಲಿ ಗಾಡಿ ಒಯ್ಯುವ ನಮ್ಮವರಿಗೂ ಇದೇ ಮಾತು: ಮೈನಸ್ 33ರವರೆಗೆ ಹರಿಯುವ ಡೀಸೆಲನ್ನು ಇಂಡಿಯನ್ ಆಯಿಲ್ 2019ರಿಂದ ಅಲ್ಲಿಗೆ ಕೊಡುತ್ತಿದೆ, ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಮುಗಿಸಿಕೊಂಡು ಅದನ್ನೇ ಹಾಕಿಸಿ. ಇನ್ನೊಂದು, ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ಗಾಳಿ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗ ತೆಳು. ಪಂಪು ಮಾತ್ರ ಅಷ್ಟೇ ಡೀಸೆಲ್ ತಳ್ಳುತ್ತಿರುತ್ತದೆ, ಹೀಟರ್ ಕಪ್ಪು ಕಾರುತ್ತದೆ. ಎತ್ತರಕ್ಕೆ ಹೊಂದಿಕೊಳ್ಳುವ ಒತ್ತಡ ಸೆನ್ಸರ್ ಇರುವ ಮಾದರಿ ಕೊಳ್ಳಬೇಕು, ಇಲ್ಲದಿದ್ದರೆ ಪಂಪಿನ ಹೊಡೆತ ಕೈಯಾರೆ ಇಳಿಸಬೇಕು.

ವರ್ಕ್‌ಶಾಪಿನಲ್ಲಿ ಬೆಂಕಿಯನ್ನು ಒಳಗೆ ತರಲೇ ಇಲ್ಲ. ಹೀಟರ್, ಟ್ಯಾಂಕು, ಪಂಪು ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ ಗೋಡೆಯ ಹೊರಗೆ ಇಟ್ಟೆ. 75 ಮಿಲಿಮೀಟರಿನ ಎರಡು ಕೊಳವೆ ಮಾತ್ರ ಗೋಡೆ ದಾಟುತ್ತವೆ: ಒಂದರಲ್ಲಿ ಬಿಸಿಗಾಳಿ ಒಳಕ್ಕೆ, ಇನ್ನೊಂದರಲ್ಲಿ ಒಳಗಿನ ಬೆಚ್ಚಗಿನ ಗಾಳಿ ಹೀಟರಿಗೆ ವಾಪಸು. ವಾಪಸು ಕೊಳವೆ ಇಲ್ಲದೆ ಹೊರಗಿನ ಮೈನಸ್ 10ರ ಗಾಳಿಯನ್ನೇ ಕಾಯಿಸುತ್ತ ಕೂತರೆ ಅರ್ಧ ಡೀಸೆಲ್ ದಂಡ. ಇದು ಎತ್ತಿಡಬಹುದಾದ ಪೆಟ್ಟಿಗೆ. ಕಟ್ಟಡಕ್ಕೆ ಕಾಯಮ್ಮಾಗಿ ಜೋಡಿಸುವುದಾದರೆ ಇಲ್ಲಿ ಚಿಮಣಿ ತಪಾಸಣೆಯ ಅಧಿಕಾರಿಯನ್ನೂ ವಿಮೆಯವರನ್ನೂ ಮೊದಲು ಕೇಳಲೇಬೇಕು. ಮನೆ ಕಾಯಿಸುವ ಕೆಂಪು ಎಣ್ಣೆ ಅಗ್ಗ ಎಂದು ಆಸೆಪಡಬೇಡಿ. 3 ಡಿಗ್ರಿಯಲ್ಲೇ ಅದು ಮಬ್ಬಾಗತೊಡಗಬಹುದು, ಹೊರಗಿಟ್ಟ ಟ್ಯಾಂಕಿಗೆ ಒಗ್ಗುವುದಿಲ್ಲ. ವಾಹನಕ್ಕೆ ಹಾಕಿದರಂತೂ ತೆರಿಗೆ ಅಪರಾಧ.

ಕರೆಂಟಿಗೆ 12 ವೋಲ್ಟಿನ ಅಡಾಪ್ಟರ್ ನೇರ ಕೊಡಲಿಲ್ಲ. ಹಳೆಯ ಕಾರ್ ಬ್ಯಾಟರಿಯೊಂದನ್ನು ಚಾರ್ಜರಿಗೆ ಹಾಕಿ, ಅದರಿಂದ ಹೀಟರಿಗೆ ಎಳೆದಿದ್ದೇನೆ. ಮನೆಯ ಕರೆಂಟು ಹೋದರೂ ಹೀಟರ್ ತಣ್ಣಗಾಗುವವರೆಗೆ ಫ್ಯಾನು ತಿರುಗುತ್ತದೆ. ಥಿನ್ನರ್, ಪೆಟ್ರೋಲ್, ಸ್ಪ್ರೇ ಬಣ್ಣದ ಕೆಲಸವಿದ್ದ ದಿನ ಹೀಟರ್ ಹಚ್ಚುವುದೇ ಇಲ್ಲ, ಆ ಆವಿ ವಾಪಸು ಕೊಳವೆಯಲ್ಲಿ ಹೋಗಿ ಕಾದ ಕವಚ ಸವರುತ್ತದೆ. ಮರದ ಪುಡಿಯೂ ಅಷ್ಟೇ. ವಾಪಸು ಕೊಳವೆಯ ಬಾಯನ್ನು ನೆಲದಿಂದ 1 ಮೀಟರ್ ಮೇಲಿಟ್ಟು, ಅಂಗೈಯಷ್ಟು ಕೊಳವೆ ಬಾಯಿಗೆ ಊಟದ ತಟ್ಟೆಯಷ್ಟು ಅಗಲದ ಫಿಲ್ಟರ್ ಬಟ್ಟೆ ಕಟ್ಟಿದ್ದೇನೆ, ಗಾಳಿಗೆ ಅಡ್ಡಿಯಾಗಬಾರದೆಂದು. ಶನಿವಾರ ಶನಿವಾರ ಅದನ್ನು ಬಿಚ್ಚಿ ಹೊರಗೆ ಕೊಡವುತ್ತೇನೆ. ಬಟ್ಟೆಗೆ ಪುಡಿ ಕಟ್ಟಿಕೊಂಡರೆ ಗಾಳಿ ಸಾಲದೆ ಕವಚ ಮಿತಿಮೀರಿ ಕಾಯುತ್ತದೆ, ಹೀಟರ್ ತಾನೇ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ.