ಸೊಳ್ಳೆ ಪರದೆ ಚೀಲದಲ್ಲಿ ಅಟ್ಲಾಸ್ ಪತಂಗ: ನನ್ನ ಅನುಭವ

2023ರ ಸೆಪ್ಟೆಂಬರಿನಲ್ಲಿ, ಕೊಡವರ ಹಬ್ಬ ಕೈಲ್‌ಪೊಳ್ದ್ ಮುಗಿದ ವಾರ ನಮ್ಮ ಹಿತ್ತಲಿನ ಸೀಬೆ ಮರದಲ್ಲಿ ಹನ್ನೊಂದು ಗೂಡು ಕಟ್ಟಿದ್ದವು. ಹನ್ನೊಂದೂ ನಾನೇ ಸಾಕಿದ, ಅಟ್ಲಾಸ್ ಎಂಬ ದೊಡ್ಡ ಕಾಡು ಪತಂಗದ ಹುಳಗಳದ್ದು. ಕನಕಪುರ ಕಡೆಯ ನನ್ನ ಭಾವಮೈದನಿಗೆ ಫೋಟೋ ಕಳಿಸಿದೆ. ಅವರದು ರೇಷ್ಮೆ ಸಾಕುವ ಮನೆ. "ಭಾವ, ಮಡಿಕೇರಿ ಮಳೇಲಿ ಹುಳ ಉಳಿಯಲ್ಲ, ಸುಮ್ನೆ ದುಡ್ಡು ದಂಡ" ಅಂತ ನಾಲ್ಕು ವರ್ಷ ಹೇಳಿದವನು ಅವನೇ. ಈ ಸಲ ಒಂದು ಹೆಬ್ಬೆರಳಿನ ಚಿತ್ರ ಬಂತು, ಅಷ್ಟೇ.

ನಾನು ಶುರು ಮಾಡಿದ್ದು ದೀಪದಿಂದ. ಬಿಳಿ ಪಂಚೆ ಕಟ್ಟಿ ಎಲ್‌ಇಡಿ ಬಲ್ಬ್ ಹಾಕಿದೆ. ಒಂದು ತಿಂಗಳು ಬರೀ ಮಳೆಹುಳ. ಮನೆಗೆ ಹಾಕುವ ಎಲ್‌ಇಡಿಯಲ್ಲಿ ನೇರಳಾತೀತ ಬೆಳಕು ಇಲ್ಲವೆಂದೇ ಹೇಳಬೇಕು, ಪತಂಗಗಳನ್ನು ಎಳೆಯುವುದು ಅದೇ. ಆಮೇಲೆ 160 ವ್ಯಾಟಿನ ಮರ್ಕ್ಯುರಿ ಬಲ್ಬ್ ತಂದೆ, ನಾನೂರು ಚಿಲ್ಲರೆ ಕೊಟ್ಟ ನೆನಪು. ಎರಡನೇ ರಾತ್ರಿಯೇ ಚಂದ್ರ ಪತಂಗ ಬಂತು. ತಿಳಿ ಹಸಿರು, ಉದ್ದ ಬಾಲ. ಮೂರನೇ ರಾತ್ರಿ ಹೆಂಚಿನಿಂದ ಒಂದೇ ಒಂದು ಹನಿ ಕಾದ ಬಲ್ಬಿನ ಮೇಲೆ ಬಿತ್ತು. ಪಟ್ ಅಂತ ಒಡೆಯಿತು. ಹೀಗೆ ಮೂರು ಬಲ್ಬ್ ಹೋದ ಮೇಲೆ ತಗಡಿನ ತುಂಡು ಕಟ್ಟಿದೆ.

ದೀಪಕ್ಕೆ ಬಂದ ಪತಂಗ ನೋಡಿ ಹೆಸರು ಹೇಳಬಹುದು, ಅದರ ಸಂಸಾರ ಗೊತ್ತಾಗುವುದಿಲ್ಲ. ಅಟ್ಲಾಸ್ ಕಂಡ ಕೂಡಲೇ ಎಲ್ಲರೂ 'ಅಟಾಕಸ್ ಅಟ್ಲಾಸ್' ಅಂತ ಬರೆದುಬಿಡುತ್ತಾರೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದು 'ಅಟಾಕಸ್ ಟ್ಯಾಪ್ರೊಬಾನಿಸ್'. ನಾನೂ ಎರಡು ವರ್ಷ ತಪ್ಪೇ ಬರೆದಿದ್ದೆ. ಗಂಡು ಹೆಣ್ಣು ಹೇಳಲು ಮೀಸೆ ನೋಡಿದರೆ ಸಾಕು. ಗಂಡಿನದು ಜರಿಗಿಡದ ಎಲೆಯ ಹಾಗೆ ಅಗಲ, ಹೆಣ್ಣಿನದು ಸಪೂರ.

ಸಾಕಲೆಂದು ಮೊದಲು ಕಾಡಿನ ಅಂಚಿನಿಂದ ಐದು ಗೂಡು ತಂದೆ. ಮೂರರಿಂದ ಹೊರಬಂದದ್ದು ನೊಣ. ರೇಷ್ಮೆ ಹುಳದ ಮೈಯೊಳಗೆ ಬೆಳೆದು ಕೊಲ್ಲುವ ನೊಣಕ್ಕೆ ರೇಷ್ಮೆಯವರು ಊಜಿ ಅನ್ನುತ್ತಾರಲ್ಲ, ಅದರ ನೆಂಟರು. ಉಳಿದ ಎರಡೂ ಹೆಣ್ಣು. ರಾಶಿ ಮೊಟ್ಟೆ ಇಟ್ಟವು. ಮೂರು ವಾರ ಕಾದೆ, ಒಂದೂ ಒಡೆಯಲಿಲ್ಲ. ಗಂಡು ಸೇರದಿದ್ದರೂ ಅವು ಮೊಟ್ಟೆ ಇಡುತ್ತವೆ ಅನ್ನುವುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

2023ರ ಮೇನಲ್ಲಿ ಮರಗಸಿ (ತೋಟದ ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಕೆಲಸದ ಅಕ್ಕ ಒಂದು ಭಾರದ ಗೂಡು ತಂದುಕೊಟ್ಟರು. ಜೂನ್ ಮಧ್ಯದಲ್ಲಿ ಹೆಣ್ಣು ಬಂತು. ಅದರ ವಾಸನೆಗೆ ಗಂಡು ಬರಲಿ ಅಂತ ಬಿದಿರಿನ ಕುಕ್ಕೆಯಲ್ಲಿಟ್ಟು ಮೇಲೆ ಬಲೆ ಕಟ್ಟಿ ಹೊರಗೆ ತೂಗುಹಾಕಿದೆ. ಎರಡು ರಾತ್ರಿ ಯಾರೂ ಬರಲಿಲ್ಲ. ಮೂರನೇ ದಿನ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಟಾರ್ಚ್ ಹಾಕಿದರೆ ಬಲೆಯ ಹೊರಗೆ ಗಂಡು! ರೆಕ್ಕೆ ಬಡಿಯುತ್ತಿತ್ತು, ಬಲೆ ಪಟಪಟ ಅನ್ನುತ್ತಿತ್ತು. ಕುಕ್ಕೆಯನ್ನು ಎಲ್ಲಿ, ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ಹೇಳುತ್ತೇನೆ.

ಗಂಡು ಕೂಡಿದ ಮೇಲೆ ಆ ಹೆಣ್ಣು ಇಟ್ಟ ಮೊಟ್ಟೆ ಸುಮಾರು 180. ಹತ್ತು ಹನ್ನೆರಡು ದಿನಕ್ಕೆ ಮರಿ ಬಂದವು. ಇಪ್ಪತ್ತನ್ನು ಹಟಕ್ಕೆ ಪ್ಲಾಸ್ಟಿಕ್ ಡಬ್ಬದಲ್ಲಿ ಸಾಕಿದೆ. ಜುಲೈ ಮಳೆಗೆ ಡಬ್ಬದ ಒಳಗೆಲ್ಲ ಬೆವರು, ಸೊಪ್ಪಿಗೆ ಬೂಸು. ಎರಡನೇ ಜ್ವರ (ಹುಳ ಪೊರೆ ಬಿಡುವ ಹಂತ) ದಾಟಲಿಲ್ಲ. ಸೊಪ್ಪು ಬಾಡದಿರಲಿ ಅಂತ ನೀರಿನ ಬಾಟಲಿಯಲ್ಲಿ ಇಟ್ಟ ಕೊಂಬೆಯಿಂದ ಇಳಿದು ಮುಳುಗಿ ಸತ್ತವೂ ಇವೆ. ಬಾಟಲಿ ಬಾಯಿಗೆ ಹತ್ತಿ ತುರುಕಬೇಕಿತ್ತು. ನಡುವೆ ಸೀಬೆ ತಿಂದು ಬೆಳೆದ ನಾಲ್ಕನ್ನು ದಾಲ್ಚಿನ್ನಿಗೆ ಬಿಟ್ಟು ನೋಡಿದೆ. ಮೂಸಿಯೂ ನೋಡದೆ ಉಪವಾಸ ಬಿದ್ದವು. ಮೊದಲು ಯಾವ ಸೊಪ್ಪೋ ಕೊನೆಗೂ ಅದೇ ಕೊಡಿ.

ಉಳಿಸಿದ್ದು ಚೀಲ. ಹಳೇ ಸೊಳ್ಳೆ ಪರದೆ ಹೊಲಿದು, ಎಲೆ ತುಂಬಿದ ಕೊಂಬೆಗೇ ತೊಡಿಸಿ ಎರಡೂ ಕಡೆ ಕಟ್ಟಿದೆ. ಒಂದರಲ್ಲಿ ಏಳೆಂಟು ಹುಳ. ಗಾಳಿ ಆಡುತ್ತದೆ, ಮಳೆ ಸೋರಿ ಹೋಗುತ್ತದೆ, ನೊಣ ಒಳಗೆ ಬರಲ್ಲ. ಇರುವೆಗೆ ಕೊಂಬೆಯ ಬುಡಕ್ಕೆ ಗ್ರೀಸ್ ಬಳಿದೆ. ಆದರೂ ಯಾವುದೋ ಹಕ್ಕಿ ಬಲೆಯ ಮೇಲಿಂದಲೇ ಕುಕ್ಕಿ ಒಂದು ಚೀಲ ಖಾಲಿ ಮಾಡಿತು. ಆಮೇಲೆ ಒಳಗೆ ಬೆತ್ತದ ಬಳೆ ಇಟ್ಟು ಬಲೆ ಹುಳಕ್ಕೆ ತಾಗದ ಹಾಗೆ ಮಾಡಿದೆ.

ಕೊನೇ ಜ್ವರ ಎದ್ದ ಹುಳ ನನ್ನ ತೋರುಬೆರಳಿಗಿಂತ ಉದ್ದ, ಹೆಬ್ಬೆರಳಿನಷ್ಟು ದಪ್ಪ. ಮೈಮೇಲೆ ಬಿಳಿ ಹಿಟ್ಟು, ಮುಟ್ಟಿದರೆ ಬೆರಳಿಗೆ ಮೇಣದ ಹಾಗೆ ಅಂಟುತ್ತದೆ. ಹಿಕ್ಕೆ ಕರಿಮೆಣಸಿನ ಕಾಳಿನಷ್ಟು, ಬಲೆಯಲ್ಲಿ ಟಪ್ ಟಪ್ ಬೀಳುವ ಸದ್ದು ಕೇಳಿಸುತ್ತದೆ. ಸದ್ದು ನಿಂತಿತು ಅಂದರೆ ಹುಳ ಹಣ್ಣಾಯಿತು, ಗೂಡು ಕಟ್ಟಲು ಸಿದ್ಧ ಅಂತಲೇ ಲೆಕ್ಕ.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ಎರಡು ದಿನ ಮುಂಚೆ ಗೂಡಿನಿಂದ ಮೊದಲ ಪತಂಗ ಬಂತು. ಒದ್ದೆ ಬಟ್ಟೆಯ ಹಾಗೆ ರೆಕ್ಕೆ ಇಳಿಬಿಟ್ಟು ನೇತಾಡಿತು. ನೋಡನೋಡುತ್ತ ಅಂಗೈಯಗಲ ದಾಟಿತು, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಂಥ ಚಿತ್ತಾರ ಮೂಡಿತು. ಒಟ್ಟು ಒಂಬತ್ತು ಬಂದವು. ಪತಂಗಕ್ಕೆ ತಿನ್ನುವ ಬಾಯಿಲ್ಲ, ಆಯಸ್ಸು ಹೆಚ್ಚೆಂದರೆ ಒಂದೆರಡು ವಾರ. ಹಾಗಾಗಿ ಅಂದೇ ರಾತ್ರಿ ಬಿಟ್ಟೆ. ಒಂದು ಹೆಣ್ಣನ್ನು ಮಾತ್ರ ಕುಕ್ಕೆಗೆ ಉಳಿಸಿಕೊಂಡೆ.

ನಾಲ್ಕು ವರ್ಷದ ಖರ್ಚು ಆರು ಸಾವಿರದ ಹತ್ತಿರ, ಅದರಲ್ಲಿ ಗೆದ್ದ ಚೀಲದ್ದು ಮುನ್ನೂರೂ ಆಗಿಲ್ಲ. ಭಾವಮೈದ ಈಗ ಖಾಲಿ ಗೂಡು ತರಿಸಿಕೊಂಡು ನೂಲು ಬಿಚ್ಚಲು ನೋಡಿದ. ಆಗಲಿಲ್ಲ, ಎಳೆ ತುಂಡು ತುಂಡು. ತೈವಾನಿನಲ್ಲಿ ಅಟ್ಲಾಸ್ ಗೂಡನ್ನು ಪರ್ಸ್ ಹಾಗೆ ಬಳಸುತ್ತಾರಂತೆ. ನನ್ನ ಹೆಂಡತಿಯೂ ಒಂದಕ್ಕೆ ಜಿಪ್ ಹೊಲಿದಿದ್ದಾಳೆ. ಐದು ರೂಪಾಯಿ ನಾಣ್ಯ ಏಳೆಂಟು ಹಿಡಿಸುತ್ತದೆ.