ನಗರದ ಕುಶಲಕರ್ಮಿಗಳನ್ನೂ ಅಂಗಡಿಗಳನ್ನೂ ಜೊತೆಗಿಟ್ಟುಕೊಂಡು ಮನೆಯ ಒಳಾಂಗಣ ರೂಪಿಸುವುದು ಹೇಗೆ

ಮನೆಯ ಒಳಾಂಗಣವನ್ನು ಹೊಸದಾಗಿ ರೂಪಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಚಿತ್ರಗಳನ್ನು ಕೂಡಿಟ್ಟುಕೊಳ್ಳುತ್ತಾರೆ, ಆಮೇಲೆ ನಕ್ಷೆ ಮಾಡಿಸುತ್ತಾರೆ, ಎಲ್ಲ ಮುಗಿದ ಮೇಲೆ ಅದನ್ನು ಮಾಡಿಕೊಡುವವರನ್ನು ಹುಡುಕುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡುವುದು ಒಳ್ಳೆಯದು. ಒಂದು ನಗರದ ಮನೆಗಳು ಒಳಗಿನಿಂದ ಹೇಗಿರುತ್ತವೆ ಎಂಬುದನ್ನು ಅಲ್ಲಿನ ವಿನ್ಯಾಸಕಾರರಷ್ಟೇ ಅಲ್ಲಿನ ಬಡಗಿಗಳು, ಗಾರೆ ಕೆಲಸದವರು, ನೇಕಾರರು, ಲೋಹದ ಕೆಲಸದವರು ಮತ್ತು ಅವರಿಗೆ ಸಾಮಾನು ಒದಗಿಸುವ ಅಂಗಡಿಯವರು ತೀರ್ಮಾನಿಸುತ್ತಾರೆ. ಯಾರ ಕೈಗೆ ಯಾವ ಕೆಲಸ ಒಗ್ಗಿದೆ, ಯಾವ ಸಾಮಗ್ರಿ ಯಾವ ಅಳತೆಯಲ್ಲಿ ಸಿಗುತ್ತದೆ ಎಂಬುದನ್ನು ಅರಿಯದೆ ಬರೆದ ನಕ್ಷೆ ಕೆಲಸದ ಜಾಗದಲ್ಲಿ ದಿನಕ್ಕೊಂದು ತಿದ್ದುಪಡಿ ಕಂಡು, ಕೊನೆಗೆ ಯಾರಿಗೂ ಬೇಡವಾದ ರೂಪ ತಾಳುತ್ತದೆ.

ಇದಕ್ಕೆ ಇತಿಹಾಸದಲ್ಲಿ ಒಳ್ಳೆಯ ಉದಾಹರಣೆಗಳಿವೆ. ಪ್ಯಾರಿಸ್‌ನ ಫೋಬೂರ್ ಸೇಂತ್ ಆಂತ್ವಾನ್ ಬಡಾವಣೆಯ ಕುಶಲಕರ್ಮಿಗಳಿಗೆ 17ನೇ ಶತಮಾನದಲ್ಲಿ, ಹದಿನಾಲ್ಕನೇ ಲೂಯಿಯ ಕಾಲದಲ್ಲಿ, ನಗರದ ಕಸುಬು ಸಂಘಗಳ ಕಟ್ಟುಪಾಡಿನಿಂದ ವಿನಾಯಿತಿ ದೊರೆಯಿತು. ಅಲ್ಲಿ ನೆಲೆಸಿದ ಮರಗೆಲಸದವರ ಸುತ್ತ ಮರದ ವ್ಯಾಪಾರಿಗಳೂ ಕಂಚಿನ ಹಿಡಿಕೆ ಮಾಡುವವರೂ ಗಿಲೀಟಿನವರೂ ಸೇರಿಕೊಂಡರು; 1886ರಲ್ಲಿ ಈ ಕಸುಬುಗಳನ್ನು ಕಲಿಸುವ ಎಕೋಲ್ ಬೂಲ್ ಎಂಬ ಶಾಲೆಯೂ ಸಮೀಪದಲ್ಲೇ ಆರಂಭವಾಯಿತು. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಸ್ಥಾಪನೆಯಾದ ಬೌಹೌಸ್ ಶಾಲೆಯ ಆರಂಭದ ವರ್ಷಗಳಲ್ಲಿ ಕಾರ್ಯಾಗಾರಗಳಿಗೆ ರೂಪವನ್ನು ಕಲಿಸುವ ಒಬ್ಬ ಗುರು ಮತ್ತು ಕಸುಬನ್ನು ಕಲಿಸುವ ಇನ್ನೊಬ್ಬ ಗುರು ಇರುತ್ತಿದ್ದರು. ಮನೆ ಮಾಡಿಸುವವರು ಸಣ್ಣ ಪ್ರಮಾಣದಲ್ಲಿ ಮಾಡಬೇಕಾದದ್ದೂ ಇದನ್ನೇ: ರೂಪದ ಮಾತು ಮತ್ತು ಕೈಕೆಲಸದ ಮಾತು ಮೊದಲ ದಿನದಿಂದಲೇ ಒಟ್ಟಿಗೆ ನಡೆಯಬೇಕು.

ಹುಡುಕಾಟದ ಆರಂಭ

ಒಳ್ಳೆಯ ಕೆಲಸಗಾರರ ಹೆಸರು ಜಾಹೀರಾತಿಗಿಂತ ಹೆಚ್ಚು ನಂಬಿಕೆಯಿಂದ ಸಿಗುವುದು ಅವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ. ಮರದ ಡಿಪೋ, ಹಾರ್ಡ್‌ವೇರ್ ಅಂಗಡಿ, ಸೋಫಾ ಬಟ್ಟೆ ಮತ್ತು ಫೋಮ್ ಮಾರುವ ಅಂಗಡಿ, ಪಾಲಿಶ್ ಸಾಮಾನಿನ ಅಂಗಡಿ, ಇವುಗಳ ಮಾಲೀಕರಿಗೆ ಯಾರು ಹಲಗೆಯನ್ನು ಒಂದೊಂದಾಗಿ ತಿರುಗಿಸಿ ನೋಡಿ ಆರಿಸುತ್ತಾರೆ, ಯಾರು ಅಳತೆ ಬರೆದುಕೊಂಡು ಬರುತ್ತಾರೆ, ಯಾರು ಒಂದೇ ಕೆಲಸಕ್ಕೆ ನಾಲ್ಕು ಸಲ ಓಡಿ ಬರುತ್ತಾರೆ ಎಂಬುದೆಲ್ಲ ಗೊತ್ತಿರುತ್ತದೆ. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಹೋಗಿ, ಏನು ಮಾಡಿಸಬೇಕೆಂದಿದ್ದೇವೆ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಇಂಥ ಕೆಲಸಕ್ಕೆ ನಿಮ್ಮಲ್ಲಿ ಸಾಮಾನು ಕೊಳ್ಳುವವರು ಯಾರು ಎಂದು ಕೇಳಿದರೆ ಬಹುತೇಕರು ಸಂತೋಷದಿಂದ ಹೇಳುತ್ತಾರೆ. ಅಂಗಡಿಯವರು ತಮಗೆ ಲಾಭ ತರುವವರ ಹೆಸರನ್ನೂ ಹೇಳಬಹುದಾದ್ದರಿಂದ ಒಂದೇ ಅಂಗಡಿಯ ಮಾತಿಗೆ ನಿಲ್ಲದೆ, ಎರಡು ಮೂರು ಕಡೆ ಕೇಳಿ ಬಂದ ಹೆಸರನ್ನು ಹಿಡಿದುಕೊಳ್ಳಿ.

ದುರಸ್ತಿ ಮಾಡುವವರನ್ನು ಹುಡುಕುವುದು ಇನ್ನೂ ಉತ್ತಮ ಮಾರ್ಗವೆಂದು ನನಗೆ ದೃಢವಾಗಿ ಅನ್ನಿಸುತ್ತದೆ. ಹಳೆಯ ಸೋಫಾಗಳ ಬಟ್ಟೆ ಬಿಚ್ಚುವವರು, ಕುರ್ಚಿಯ ಬೆತ್ತ ಹೆಣೆಯುವವರು, ಬೀರುವಿನ ಬಾಗಿಲು ಸರಿಮಾಡುವವರು ವಸ್ತುಗಳು ಎಲ್ಲಿ ಸೋಲುತ್ತವೆ ಎಂಬುದನ್ನು ದಿನವೂ ಕಣ್ಣಾರೆ ಕಾಣುತ್ತಾರೆ. ಮನೆಯಲ್ಲಿರುವ ಅಲುಗಾಡುವ ಕುರ್ಚಿಯನ್ನೋ ಸಿಕ್ಕಿಕೊಳ್ಳುವ ಡ್ರಾಯರನ್ನೋ ಮೊದಲ ಕೆಲಸವಾಗಿ ಒಪ್ಪಿಸಿ ನೋಡಿ. ಬಿಟ್ಟುಹೋದ ಜೋಡಣೆಯನ್ನು ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಮತ್ತೆ ಅಂಟು ಹಾಕಿ ಬಿಗಿದು ಒಣಗಲು ಬಿಡುವವರೂ ಇದ್ದಾರೆ, ಹೊರಗಿನಿಂದ ಒಂದು ಮೊಳೆ ಹೊಡೆದು ಕಳಿಸುವವರೂ ಇದ್ದಾರೆ. ದೊಡ್ಡ ಕೆಲಸ ಯಾರಿಗೆ ಕೊಡಬೇಕೆಂಬುದು ಆ ಸಣ್ಣ ಕೆಲಸದಲ್ಲಿಯೇ ತಿಳಿದುಹೋಗುತ್ತದೆ.

ಕಾರ್ಯಾಗಾರದಲ್ಲಿ ಏನು ನೋಡಬೇಕು

ಮುಗಿದ ಕೆಲಸದ ಫೋಟೋಗಳಲ್ಲಿ ಎಲ್ಲರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ನಿಜವಾಗಿ ನೋಡಬೇಕಾದದ್ದು ಅರ್ಧ ಮುಗಿದ ಕೆಲಸವನ್ನು. ಆದ್ದರಿಂದ ಕೆಲಸ ನಡೆಯುತ್ತಿರುವಾಗಲೇ, ಮೊದಲೇ ತಿಳಿಸಿ, ಕಾರ್ಯಾಗಾರಕ್ಕೆ ಹೋಗಬೇಕು.

ಮರದ ವಿಷಯದಲ್ಲಿ ಮೊದಲ ಪ್ರಶ್ನೆ ಯಾವ ಜಾತಿಯ ಮರ ಎಂಬುದಲ್ಲ, ಎಷ್ಟು ಒಣಗಿದೆ ಎಂಬುದು. ಮನೆಯೊಳಗಿನ ಪೀಠೋಪಕರಣಕ್ಕೆ ಬಳಸುವ ಮರದ ತೇವಾಂಶ ಸುಮಾರು ಶೇಕಡ 8ರಿಂದ 12ರಷ್ಟಿರಬೇಕು. ತೇವದ ಹವೆಯ ಊರುಗಳಲ್ಲಿ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ. ಗಾಳಿಯಲ್ಲಿ ಒಣಗಿಸುವಾಗ ಹಲಗೆಯ ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕೆಂಬುದು ಹಳೆಯ ಲೆಕ್ಕ. ಹಲಗೆಗಳನ್ನು ನೆಲಕ್ಕೆ ತಾಗದಂತೆ, ನಡುನಡುವೆ ಪಟ್ಟಿ ಇಟ್ಟು, ಗಾಳಿಯಾಡುವಂತೆ ಜೋಡಿಸಿದ್ದಾರೆಯೇ ಎಂದು ನೋಡಿ. ತೇವಾಂಶ ಅಳೆಯುವ ಸಣ್ಣ ಮೀಟರ್ ಇಟ್ಟುಕೊಂಡವರಾದರೆ ನಿಮ್ಮ ಎದುರಿನಲ್ಲೇ ಅಳೆದು ತೋರಿಸಲು ಕೇಳಿ.

ಎರಡನೆಯದು, ಮರ ಹಿಗ್ಗಿ ಕುಗ್ಗುವುದಕ್ಕೆ ಅವರು ಕೊಟ್ಟಿರುವ ಅವಕಾಶ. ಹವೆಯ ತೇವ ಏರಿಳಿದಂತೆ ಮರ ಎಳೆಯ ಉದ್ದಕ್ಕೆ ಬದಲಾಗುವುದು ತೀರ ಅತ್ಯಲ್ಪ, ಅಡ್ಡಕ್ಕೆ ಗಣನೀಯವಾಗಿ ಬದಲಾಗುತ್ತದೆ; ಅಗಲವಾದ ಮೇಜಿನ ಹಲಗೆ ಋತುವಿನಿಂದ ಋತುವಿಗೆ ಹಲವು ಮಿಲಿಮೀಟರ್ ಸರಿಯಬಲ್ಲದು. ಅದನ್ನು ಕೆಳಗಿನ ಚೌಕಟ್ಟಿಗೆ ಸ್ಕ್ರೂಗಳಿಂದ ಬಿಗಿದು ಕೂರಿಸಿದರೆ ಒಂದಲ್ಲ ಒಂದು ದಿನ ಸೀಳುತ್ತದೆ. ಬಲ್ಲವರು ಸ್ಕ್ರೂ ಹಾಕುವ ತೂತನ್ನು ಉದ್ದುದ್ದವಾಗಿ ಕೊರೆಯುತ್ತಾರೆ, ಇಲ್ಲವೇ ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಜಾರುವ ಸಣ್ಣ ಮರದ ತುಂಡುಗಳಿಂದ ಹಿಡಿಸುತ್ತಾರೆ. ಮೇಜಿನ ಕೆಳಗೆ ಬಗ್ಗಿ ನೋಡಲು ಸಂಕೋಚಪಡಬೇಡಿ. ಹಾಗೆಯೇ ಒಂದು ಡ್ರಾಯರನ್ನು ಪೂರ್ತಿ ಹೊರಗೆಳೆದು ಅದರ ಮೂಲೆಗಳನ್ನು ನೋಡಿ: ಹಲ್ಲುಹಲ್ಲಾಗಿ ಕೊರೆದು ಒಂದರೊಳಗೊಂದು ಕೂರಿಸಿದ ಮೂಲೆ ಎಳೆದಷ್ಟೂ ಹಿಡಿದುಕೊಳ್ಳುತ್ತದೆ, ಬರೀ ಮೊಳೆಯ ಮೂಲೆ ಎಳೆದಷ್ಟೂ ಸಡಿಲವಾಗುತ್ತದೆ. ಪ್ಲೈವುಡ್ ಆದರೆ ಕತ್ತರಿಸಿದ ಅಂಚನ್ನು ನೋಡಬೇಕು. ಪದರಗಳ ನಡುವೆ ಸಂದುಗಳಿದ್ದರೆ ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ.

ಪಾಲಿಶ್ ಮಾಡುವ ಜಾಗದಲ್ಲಿ ಇನ್ನೊಂದು ಸೂಕ್ಷ್ಮ ಗುರುತಿದೆ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳು ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಬಿಸಿಯಾಗುತ್ತವೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಗುಡ್ಡೆ ಹಾಕಿದರೆ ಕಿಡಿ ಸೋಕದೆಯೂ ಬೆಂಕಿ ಹೊತ್ತಿಕೊಳ್ಳಬಹುದು. ಆ ಬಟ್ಟೆಗಳನ್ನು ಬಿಡಿಬಿಡಿಯಾಗಿ ಹರವಿದ್ದರೆ ಅಥವಾ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರಿನೊಳಗೆ ಇಟ್ಟಿದ್ದರೆ, ಅವರು ತಮ್ಮ ಸಾಮಗ್ರಿಯ ಸ್ವಭಾವವನ್ನು ಅರಿತವರು ಎಂದು ಧೈರ್ಯದಿಂದ ಹೇಳಬಹುದು.

ಸೋಫಾ ಕೆಲಸದವರಲ್ಲಿ ಹೊರಗಿನ ಬಟ್ಟೆಗಿಂತ ಒಳಗಿರುವುದರ ಬಗ್ಗೆ ಹೆಚ್ಚು ಕೇಳಿ. ಕೂರುವ ಭಾಗದ ಫೋಮ್‌ನ ಸಾಂದ್ರತೆ ಪ್ರತಿ ಘನ ಮೀಟರಿಗೆ 30ರಿಂದ 40 ಕಿಲೋ ಇದ್ದರೆ ದಿನಬಳಕೆಗೆ ಬಾಳಿಕೆ ಬರುತ್ತದೆ. ಸಾಂದ್ರತೆ ಮತ್ತು ಗಟ್ಟಿತನ ಬೇರೆ ಬೇರೆ ಗುಣಗಳು. ಕಡಿಮೆ ಸಾಂದ್ರತೆಯ ಗಟ್ಟಿ ಫೋಮ್ ಅಂಗಡಿಯಲ್ಲಿ ಕುಳಿತಾಗ ಹಿತವೆನಿಸಿದರೂ ಬೇಗ ಕುಸಿಯುತ್ತದೆ. ಬಟ್ಟೆಯ ಸವೆತ ತಡೆಯುವ ಶಕ್ತಿಯನ್ನು ಮಾರ್ಟಿಂಡೇಲ್ ಪರೀಕ್ಷೆಯ ಉಜ್ಜುವಿಕೆಯ ಸಂಖ್ಯೆಯಲ್ಲಿ ಹೇಳುತ್ತಾರೆ, ಮನೆಯಲ್ಲಿ ಎಲ್ಲರೂ ಕೂರುವ ಸೋಫಾಗೆ 20,000 ಅಥವಾ ಅದಕ್ಕಿಂತ ಹೆಚ್ಚಿನದನ್ನು ಆರಿಸಿದರೆ ಸಾಕು.

ಅಂಗಡಿಯಲ್ಲಿ ಆರಿಸುವಾಗ

ಅಂಗಡಿಯ ದೀಪದಡಿಯಲ್ಲಿ ಬಣ್ಣವನ್ನು ಎಂದೂ ಅಂತಿಮಗೊಳಿಸಬಾರದು. ಒಂದು ದೀಪದಲ್ಲಿ ಒಂದೇ ಬಣ್ಣವಾಗಿ ಕಾಣುವ ಪರದೆ ಬಟ್ಟೆ ಮತ್ತು ಗೋಡೆಯ ಬಣ್ಣ ಇನ್ನೊಂದು ಬೆಳಕಿನಲ್ಲಿ ಪರಸ್ಪರ ಹೊಂದದೆ ಹೋಗುವುದುಂಟು, ಏಕೆಂದರೆ ಎರಡರ ವರ್ಣದ್ರವ್ಯಗಳು ಬೆಳಕಿನ ಬೇರೆ ಬೇರೆ ಅಂಶಗಳನ್ನು ಹಿಂದಿರುಗಿಸುತ್ತವೆ. ತುಂಡು ಬಟ್ಟೆ, ಲ್ಯಾಮಿನೇಟ್ ಚೂರು, ಟೈಲ್ ಒಂದು, ಬಣ್ಣ ಎರಡು ಸಲ ಬಳಿದ ದೊಡ್ಡ ಕಾಗದ, ಇಷ್ಟನ್ನೂ ಮನೆಗೆ ತಂದು, ಅವು ನಿಜವಾಗಿ ಇರುವ ಜಾಗದಲ್ಲಿ ಒಟ್ಟಿಗೆ ಇಟ್ಟು, ಬೆಳಿಗ್ಗೆಯೂ ಮಧ್ಯಾಹ್ನವೂ ರಾತ್ರಿ ದೀಪ ಹಾಕಿದ ಮೇಲೂ ನೋಡಬೇಕು. ರಾತ್ರಿಯ ದೀಪವೂ ಮುಂದೆ ಬಳಸಲಿರುವ ದೀಪವೇ ಆಗಿರಬೇಕು; ಕೂರುವ, ಮಲಗುವ ಕೋಣೆಗಳಿಗೆ 2700ರಿಂದ 3000 ಕೆಲ್ವಿನ್‌ನ ಬೆಚ್ಚನೆಯ ಬೆಳಕು, ಬಣ್ಣ ತೋರುವ ಗುಣದ ಸೂಚ್ಯಂಕ 90 ಅಥವಾ ಮೇಲ್ಪಟ್ಟದ್ದು, ಮರಕ್ಕೂ ಬಟ್ಟೆಗೂ ಒಳ್ಳೆಯ ನ್ಯಾಯ ಒದಗಿಸುತ್ತದೆ.

ಕಲ್ಲನ್ನು ಅಂಗೈಯಗಲದ ಮಾದರಿ ನೋಡಿ ಕೊಳ್ಳಬೇಡಿ, ಚಪ್ಪಡಿಗಳನ್ನು ನಿಲ್ಲಿಸಿರುವ ಜಾಗಕ್ಕೆ ಹೋಗಿ ನಿಮಗೆ ಬರುವ ಚಪ್ಪಡಿಯನ್ನೇ ಗುರುತು ಹಾಕಿಸಿ. ಅಮೃತಶಿಲೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಹುಳಿ ಪದಾರ್ಥ ಬಿದ್ದ ಕಡೆ ಹೊಳಪು ಕಳೆದುಕೊಳ್ಳುತ್ತದೆ, ಗ್ರಾನೈಟ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಡುಗೆ ಕಟ್ಟೆಗೆ ಯಾವುದೆಂದು ತೀರ್ಮಾನಿಸುವಾಗ ಇದು ನೆನಪಿರಲಿ. ಟೈಲ್‌ಗಳ ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಛಾಯೆಯ ಸಂಖ್ಯೆ ಇರಬೇಕು, ಕತ್ತರಿಸುವಾಗ ಒಡೆಯುವುದಕ್ಕೆಂದು ಶೇಕಡ 10ರಷ್ಟು ಹೆಚ್ಚು ಕೊಳ್ಳಬೇಕು. ಕೈಮಗ್ಗದ ಹತ್ತಿ ಬಟ್ಟೆಯಾದರೆ ಒಂದು ತುಂಡನ್ನು ಅಳೆದು, ತೊಳೆದು, ಒಣಗಿಸಿ ಮತ್ತೆ ಅಳೆಯಿರಿ. ಪರದೆಗೆ ಕಿಟಕಿಯ ಅಗಲದ ಎರಡರಿಂದ ಎರಡೂವರೆ ಪಟ್ಟು ಬಟ್ಟೆ ಬೇಕಾಗುವುದರಿಂದ ಕುಗ್ಗುವ ಪ್ರಮಾಣವನ್ನು ಮೊದಲೇ ಲೆಕ್ಕಕ್ಕೆ ತಂದುಕೊಳ್ಳದಿದ್ದರೆ ಪರದೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ.

ಕೀಲು, ಹಿಡಿಕೆ, ಡ್ರಾಯರ್ ಚಾನೆಲ್‌ಗಳನ್ನು ಬಹಳ ಜನ ಕೊನೆಗೆ ಕೊಳ್ಳುತ್ತಾರೆ, ಆದರೆ ಅವನ್ನು ಮೊದಲೇ ಕೊಂಡು ಬಡಗಿಯ ಕೈಗೆ ಕೊಡಬೇಕು. ಮಾಮೂಲಿ ಚಾನೆಲ್‌ಗೆ ಡ್ರಾಯರ್‌ನ ಎರಡೂ ಬದಿಯಲ್ಲಿ ಸುಮಾರು 13 ಮಿಲಿಮೀಟರ್ ಜಾಗ ಬೇಕು. ಒಳಗೆ ಅಡಗುವ ಕೀಲಿನ ಬಟ್ಟಲಿಗೆ ಸಾಮಾನ್ಯವಾಗಿ 35 ಮಿಲಿಮೀಟರ್ ರಂಧ್ರ ಕೊರೆಯಬೇಕು. ಈ ಅಳತೆಗಳಿಗೆ ಹೊಂದುವ ಸಾಮಾನನ್ನೇ ಆರಿಸಿಕೊಂಡರೆ ಮುಂದೆ ಒಂದು ಕೆಟ್ಟಾಗ ಅದರ ಜಾಗಕ್ಕೆ ಇನ್ನೊಂದು ಸುಲಭವಾಗಿ ಸಿಗುತ್ತದೆ.

ಕೆಲಸ ಒಪ್ಪಿಸುವ ಬಗೆ

ಯಾರು ಏನು ಮಾಡಬಲ್ಲರೆಂದು ತಿಳಿದ ಮೇಲೆ ಈಗ ನಕ್ಷೆ ಬರೆಯಿಸಿ, ಬರೆದದ್ದನ್ನು ಅಂತಿಮಗೊಳಿಸುವ ಮುನ್ನ ಕೆಲಸ ಮಾಡುವವರ ಮುಂದಿಟ್ಟು ಅವರ ಮಾತು ಕೇಳಿ. ನೀವು ಉದ್ದವಾದ ಪುಸ್ತಕದ ಕಪಾಟು ಬಯಸಿರಬಹುದು, ನಡುವೆ ಒಂದು ಆಸರೆ ಬೇಕೆಂದು ಬಡಗಿ ಹೇಳಬಹುದು. ಆ ಮಾತಿನ ಹಿಂದೆ ಗಟ್ಟಿಯಾದ ಕಾರಣವಿದೆ. ಪುಸ್ತಕಗಳನ್ನು ಒತ್ತಾಗಿ ಜೋಡಿಸಿದ ಹಲಗೆಯ ಉದ್ದವನ್ನು ಎರಡು ಪಟ್ಟು ಮಾಡಿದರೆ ಅದರ ಬಾಗು ಹದಿನಾರು ಪಟ್ಟಾಗುತ್ತದೆ. ದಪ್ಪವನ್ನು ಎರಡು ಪಟ್ಟು ಮಾಡಿದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಆಸರೆ ಬೇಡವೆಂದರೆ ದಪ್ಪ ಹೆಚ್ಚಿಸಬೇಕು, ಎರಡೂ ಬೇಡವೆಂದರೆ ಕಪಾಟು ಬಾಗುತ್ತದೆ. ಇಂಥ ಮಾತುಕತೆಯಲ್ಲಿ ರೂಪ ಬದಲಾಗುವುದನ್ನು ಸೋಲೆಂದು ಭಾವಿಸಬಾರದು, ಅನೇಕ ಸಲ ಕೊನೆಗೆ ನಿಲ್ಲುವ ರೂಪ ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ.

ಗೋಡೆಗೆ ಕೂರುವ ಕಪಾಟುಗಳ ಅಳತೆಯನ್ನು ಗಾರೆ ಮತ್ತು ನೆಲಹಾಸು ಮುಗಿದ ನಂತರವೇ, ಅದನ್ನು ಮಾಡುವವರೇ ಬಂದು ತೆಗೆಯಬೇಕು. ಗೋಡೆಗಳು ಪೂರ್ತಿ ನೆಟ್ಟಗಿರುವುದು ಅಪರೂಪ. ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಬೇಕು. ಎತ್ತರ, ಆಳಗಳ ಬಗ್ಗೆ ಅನುಮಾನವಿದ್ದರೆ ರಟ್ಟಿನಲ್ಲಿ ನಿಜವಾದ ಅಳತೆಯ ಆಕಾರ ಮಾಡಿ ಜಾಗದಲ್ಲಿ ನಿಲ್ಲಿಸಿ, ಅದರ ಸುತ್ತ ಓಡಾಡಿ ನೋಡಿ. ಊಟದ ಮೇಜಿಗೆ 72ರಿಂದ 76 ಸೆಂಟಿಮೀಟರ್, ಕುರ್ಚಿಯ ಆಸನಕ್ಕೆ ಸುಮಾರು 45 ಸೆಂಟಿಮೀಟರ್ ಎಂಬ ರೂಢಿಯ ಅಳತೆಗಳು ಆರಂಭಕ್ಕೆ ಸಾಕು, ಆದರೆ ಅಡುಗೆ ಕಟ್ಟೆಯನ್ನು ಅಲ್ಲಿ ದಿನವೂ ನಿಲ್ಲುವವರ ಎತ್ತರಕ್ಕೆ ಸರಿಯಾಗಿಯೇ ಮಾಡಿಸಬೇಕು.

ಒಪ್ಪಂದವನ್ನು ಬರವಣಿಗೆಯಲ್ಲಿಡಿ. ಸಾಮಗ್ರಿಯ ಹೆಸರು ಮತ್ತು ದಪ್ಪ, ಪಾಲಿಶ್‌ನ ಬಗೆ, ಸಾಗಣೆ ಮತ್ತು ಕೂರಿಸುವ ಹೊಣೆ ಯಾರದು, ಹಣವನ್ನು ಯಾವ ಯಾವ ಹಂತ ಮುಗಿದಾಗ ಕೊಡುವುದು ಎಂಬಿಷ್ಟು ಒಂದು ಪುಟದಲ್ಲಿದ್ದರೆ ಸಾಕು. ಮುಂಗಡ ಸಾಮಾನು ಕೊಳ್ಳಲು ಸಾಲುವಷ್ಟಿರಲಿ. ಸಣ್ಣ ಕಾರ್ಯಾಗಾರದವರು ನಿಮ್ಮ ಕೆಲಸಕ್ಕೆ ತಮ್ಮ ಕೈಯಿಂದ ಹಣ ಹಾಕಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ, ಹಂತ ಮುಗಿದ ದಿನವೇ ಹಣ ಕೊಡುವವರ ಕೆಲಸವನ್ನು ಎಲ್ಲರೂ ಮನಸ್ಸಿಟ್ಟು ಮಾಡುತ್ತಾರೆ. ಪಾಲಿಶ್ ಮಾಡಿದ ಮಾದರಿ ತುಂಡೊಂದನ್ನು ಎರಡಾಗಿ ಕತ್ತರಿಸಿ, ಇಬ್ಬರೂ ಸಹಿ ಹಾಕಿ, ಒಂದನ್ನು ಅವರಲ್ಲಿ ಒಂದನ್ನು ನಿಮ್ಮಲ್ಲಿ ಇಟ್ಟುಕೊಂಡರೆ ಬಣ್ಣದ ವಿವಾದ ಹುಟ್ಟುವುದೇ ಇಲ್ಲ.

ಸುಣ್ಣದ ಗಾರೆಯಂಥ ಕೆಲಸಕ್ಕೆ ಅವಸರ ಮಾಡಬೇಡಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಬೇಗ ಮುಗಿಸಲೆಂದು ಫ್ಯಾನ್ ಹಾಕಿ ಒಣಗಿಸಿದ ಗೋಡೆಯಲ್ಲಿ ಬಿರುಕು ಏಳುತ್ತದೆ. ಒಂದು ಪದರ ಮತ್ತು ಇನ್ನೊಂದರ ನಡುವೆ ಎಷ್ಟು ದಿನ ಬೇಕೆಂದು ಗಾರೆಯವರು ಹೇಳುತ್ತಾರೋ ಅಷ್ಟನ್ನು ಕೊಟ್ಟು, ಉಳಿದವರ ಸರದಿಯನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಬಣ್ಣದ ಸಂಖ್ಯೆ, ಬಟ್ಟೆಯ ಹೆಸರು, ಟೈಲ್‌ನ ಛಾಯೆ, ಪಾಲಿಶ್‌ನ ಬಗೆ, ಮಾಡಿದವರ ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಉಳಿದ ಟೈಲ್ ಮತ್ತು ಬಟ್ಟೆಯನ್ನು ಎಸೆಯಬೇಡಿ. ಮಳೆಗಾಲವೊಂದು, ಬೇಸಿಗೆಯೊಂದು ಕಳೆದ ಮೇಲೆ ಬಡಗಿಯನ್ನು ಮತ್ತೊಮ್ಮೆ ಕರೆಸಿ, ಬಾಗಿಲು ಮತ್ತು ಡ್ರಾಯರ್‌ಗಳನ್ನು ಸರಿಹೊಂದಿಸಿಕೊಳ್ಳಿ; ಈ ಭೇಟಿಯನ್ನೂ ಅದರ ಕೂಲಿಯನ್ನೂ ಮೊದಲ ಒಪ್ಪಂದದಲ್ಲೇ ಸೇರಿಸಿಕೊಂಡಿದ್ದರೆ ಕರೆಯಲು ಯಾರಿಗೂ ಸಂಕೋಚವಿರುವುದಿಲ್ಲ.